14ನೇ ನಂಬರ್ ಮಂಚದ ಜೊತೆ ಮುಕ್ತ ಮಾತುಕತೆ

(ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಉರಿಗಾಂನ ಒಂದು ಗುಜರಿ ಅಂಗಡಿ. ತಕ್ಕಡಿಯ ಪಕ್ಕದಲ್ಲಿ ಆಸ್ಪತ್ರೆಯ ಹಳೇ ಕಬ್ಬಿಣದ ಮಂಚ. ತಲೆಕಡೆಯ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ 14. ನಾಲ್ಕು ಕಾಲಿನಲ್ಲಿ ಒಂದಕ್ಕೆ ಮಾತ್ರ ರಬ್ಬರ್ ಬುಶ್ ಉಳಿದಿದೆ.)

ಯಾವ ಆಸ್ಪತ್ರೆಯಲ್ಲಿದ್ದಿರಿ?

ಹೆಸರು ಹೇಳಲ್ಲ, ವೃತ್ತಿಧರ್ಮ. ಮೂರು ಕಡೆ ದುಡಿದಿದ್ದೀನಿ. ಮೂರೂ ಕಡೆ ಪೇಂಟ್ ಬಳಿದ್ರು, ನಂಬರ್ ಮಾತ್ರ ಅದೇ ಉಳೀತು.

ಈಗ ಎಲ್ಲೆಲ್ಲೂ ‘ರೋಗಿ ಕೇಂದ್ರಿತ ಚಿಕಿತ್ಸೆ’ಯ ಮಾತು. ನಿಮ್ಮ ಅನುಭವ?

ರೋಗಿ ಯಾವಾಗಲೂ ಕೇಂದ್ರದಲ್ಲೇ ಇರ್ತಾನಲ್ಲ ಸ್ವಾಮಿ, ನನ್ನ ಮೇಲೆ! ಸುತ್ತ ದೊಡ್ಡ ಡಾಕ್ಟರು, ಅವರ ಹಿಂದೆ ಚಿಕ್ಕ ಡಾಕ್ಟರು, ಅವರ ಹಿಂದೆ ಸಿಸ್ಟರು. ಮಾತೆಲ್ಲ ಇಂಗ್ಲಿಷಲ್ಲಿ, ಅವನ ಹೊಟ್ಟೆ ಮೇಲಿಂದ ಹಾದು ಹೋಗುತ್ತೆ. ಕೆಜಿಎಫ್‌ನವನಿಗೆ ಭಾಷೆಗೇನು ಬರವೇ? ತಮಿಳು ಬರುತ್ತೆ, ತೆಲುಗು ಬರುತ್ತೆ, ಕನ್ನಡ ಬರುತ್ತೆ. ಯಾವುದರಲ್ಲಾದ್ರೂ ಒಂದು ಮಾತು ಕೇಳಬಹುದಿತ್ತು. ರೌಂಡ್ಸ್ ಮುಗಿದ ಮೇಲೆ ಅವನು ಕಸ ಗುಡಿಸೋ ಆಯಮ್ಮನ್ನ ಕರೆದು, “ಏನಂದ್ರಮ್ಮ ಅವರು?” ಅಂತಾನೆ. ಅವಳು, “ಪರವಾಗಿಲ್ಲ ಅಂದ್ರು” ಅಂತಾಳೆ. ಅಷ್ಟಕ್ಕೇ ಅವನಿಗೆ ನಿದ್ದೆ ಬರುತ್ತೆ.

ನಿಮ್ಮ ಸ್ವಂತ ದೂರು ಏನಾದರೂ?

ನನ್ನ ನಂಬರನ್ನ ರೋಗಿಗೇ ಇಟ್ಟುಬಿಡ್ತಾರೆ. “14ಕ್ಕೆ ಜ್ವರ ಇಳಿದಿಲ್ಲ.” “14 ಇನ್ನೂ ಮೂತ್ರ ಮಾಡಿಲ್ಲ.” “14 ಅಡ್ವಾನ್ಸ್ ಕಟ್ಟಿಲ್ಲ.” ಮಾನವಂತ ಮಂಚ ನಾನು, ಇದನ್ನೆಲ್ಲ ಎಷ್ಟು ವರ್ಷ ಕೇಳೋದು?

ಅದರಿಂದ ತೊಂದರೆ ಏನು?

ಒಂದು ಸಲ ನನ್ನ ಮೇಲಿದ್ದ ಸಕ್ಕರೆ ಕಾಯಿಲೆಯವರು ಗಾಳಿ ಬರಲಿ ಅಂತ ಕಿಟಕಿ ಪಕ್ಕದ ಮಂಚಕ್ಕೆ ಹೋದ್ರು. ಸಂಜೆ ನನಗೆ ಕಾಲು ಮುರಿದುಕೊಂಡ ಹುಡುಗ ಬಂದ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರೇ, ವಾರ್ಡ್ ತುಂಬಾ ಜನ. ಸಿರಿಂಜ್ ಹಿಡಿದು ಬಂದು, “14, ಇನ್ಸುಲಿನ್” ಅಂದ್ರು. ಹುಡುಗ ನಿದ್ದೆಗಣ್ಣಲ್ಲಿ ತೋಳು ಚಾಚಿಬಿಟ್ಟ! ನನ್ನ ಕೆಳಗೆ ಚಾಪೆ ಹಾಸ್ಕೊಂಡು, ಟಿಫಿನ್ ಕ್ಯಾರಿಯರಿಗೂ ಚಪ್ಪಲಿಗೂ ಮಧ್ಯೆ ತಲೆ ಇಟ್ಟು ಮಲಗಿದ್ದ ಅವನ ತಾಯಿ ಎದ್ದು, “ಇವನಿಗೆ ಎಲ್ಲಿಯ ಶುಗರಮ್ಮಾ!” ಅಂತ ಕೈ ಹಿಡಿದಳು. ಪೇಷಂಟ್ ಸೇಫ್ಟಿ ಇಲಾಖೆ ಆವತ್ತು ಚಾಪೆ ಮೇಲಿತ್ತು. ಸಿಸ್ಟರನ್ನ ಬೈದು ಕೆಲಸ ಮುಗೀತು ಅಂದ್ಕೊಂಡ್ರು ಮೇಲಿನವರು. ಅಷ್ಟು ಜನಕ್ಕೆ ಒಬ್ಬರನ್ನೇ ಬಿಟ್ಟವರನ್ನ ಯಾರೂ ಬೈಲಿಲ್ಲ.

ಇದಕ್ಕೆ ನಿಯಮ ಇದೆಯಲ್ಲ?

ಇದೆ, ಗೋಡೆ ಮೇಲೆ ಫ್ರೇಮ್ ಹಾಕಿದ್ರು. ಔಷಧಿ ಕೊಡೋ ಮುಂಚೆ ಎರಡು ಗುರುತು ನೋಡಬೇಕು. ಹೆಸರು ಒಂದು, ಹುಟ್ಟಿದ ದಿನವೋ ಆಸ್ಪತ್ರೆ ನಂಬರೋ ಇನ್ನೊಂದು. ಮಂಚದ ನಂಬರ್ ಲೆಕ್ಕಕ್ಕಿಲ್ಲ. ಅದೂ, “ನೀವು ರಾಮಪ್ಪನಾ?” ಅನ್ನಬಾರದು. ಮಂಪರಲ್ಲಿರೋನು ಯಾರ ಹೆಸರು ಹೇಳಿದ್ರೂ ಹೂಂ ಅಂತಾನೆ. “ನಿಮ್ಮ ಹೆಸರೇನು?” ಅಂತ ಅವನ ಬಾಯಲ್ಲೇ ಹೇಳಿಸಬೇಕು.

ಗಣಿಯಲ್ಲೂ ಮನುಷ್ಯ ನಂಬರೇ ಅಲ್ಲವೇ?

ಅಲ್ಲಿ ನಂಬರಿಗೆ ಅರ್ಥ ಇತ್ತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದೋರೆಲ್ಲ ಹತ್ತಿ ಬಂದ್ರಾ ಅಂತ ಲೆಕ್ಕ ಹಾಕಬೇಕಲ್ಲ. ಆಪರೇಷನ್ ಥಿಯೇಟರಲ್ಲಿ ಹತ್ತಿ, ಬಟ್ಟೆ, ಸೂಜಿ ಎಣಿಸೋದೂ ಅದೇ ಲೆಕ್ಕ, ಒಳಗೆ ಹೋದದ್ದೆಲ್ಲ ಹೊರಗೆ ಬಂತಾ ಅಂತ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಸುರಕ್ಷತೆಗೆ ಅಂತ 19 ಅಂಶಗಳ ಒಂದು ಪಟ್ಟಿ ಮಾಡಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದ್ರು. ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳೀತು. ಪಟ್ಟಿಯಲ್ಲಿ ಏನಿದೆ ಗೊತ್ತಾ? ಥಿಯೇಟರಲ್ಲಿರೋರು ಒಬ್ಬರಿಗೊಬ್ಬರು ತಮ್ಮ ಹೆಸರು ಹೇಳ್ಕೋಬೇಕು! ಅವರಿಗೇ ಅವರ ಹೆಸರು ಗೊತ್ತಿರಲ್ಲ, ನನ್ನ 14ರ ಪಾಡೇನು?

ಗಣಿ ಕಾರ್ಮಿಕರು ನಿಮ್ಮ ಮೇಲೆ ಮಲಗಿದ್ದಾರಾ?

ಮಲಗಿದ್ರೆ ತಾನೇ! ಸಿಲಿಕೋಸಿಸ್‌ನವರಿಗೆ ಮಲಗೋಕೆ ಆಗಲ್ಲ, ಉಸಿರು ಕಟ್ಟುತ್ತೆ. ನನ್ನ ತಲೆಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಡ್ತಿದ್ರು. ಆಮೇಲೂ ಅವರು ಈ ಅಂಚನ್ನ ಎರಡು ಕೈಲಿ ಹಿಡಿದು, ಮುಂದಕ್ಕೆ ಬಾಗಿ ಕೂತೇ ಬೆಳಗು ಮಾಡ್ತಿದ್ರು. ನೋಡಿ, ಇಲ್ಲಿ ಪೇಂಟ್ ಸವೆದಿರೋದು ಅದಕ್ಕೆ. 1940ರಿಂದ 46ರವರೆಗೆ ಇಲ್ಲಿನ ಗಣಿಗಳಲ್ಲಿ 7,653 ಜನರನ್ನ ತಪಾಸಣೆ ಮಾಡಿದಾಗ ನೂರಕ್ಕೆ 43.7 ಮಂದಿಗೆ ಆ ಕಾಯಿಲೆ ಸಿಕ್ಕಿತು. ಕಲ್ಲಿನ ಧೂಳು ಒಮ್ಮೆ ಶ್ವಾಸಕೋಶದಲ್ಲಿ ಕೂತ್ರೆ ತೆಗೆಯೋ ಔಷಧಿ ಇಲ್ಲ. ಎಕ್ಸ್-ರೇ ತೆಗೆದೋರು ಬಹಳ ಜನ. ರಾತ್ರಿ ಹೇಗೆ ಕೂತಿರ್ತೀಯಪ್ಪ ಅಂತ ಕೇಳಿದೋರು ಕಡಿಮೆ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆಮೇಲೆ?

ಚಿನ್ನ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಆಮೇಲಿನ ಚಿಕಿತ್ಸೆ ಅಂದ್ರೆ ಹೆಚ್ಚಾಗಿ ರೆಫರ್ ಚೀಟಿ. ಮಾರಿಕುಪ್ಪಂ ರೈಲಲ್ಲಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರು. ಮಂಚ ಸಿಗೋವರೆಗೆ ಕಿಟಕಿ ಸೀಟು.

ಇನ್ನು ತಕ್ಕಡಿಗೇ ಹೋಗುತ್ತೀರಾ?

ಇಲ್ಲಪ್ಪ, ನಿನ್ನೆ ಒಬ್ಬರು ಬಂದು ಅಲ್ಲಾಡಿಸಿ ನೋಡಿ ಹೋದ್ರು. ಹೊಸ ನರ್ಸಿಂಗ್ ಹೋಂ ಅಂತೆ, ಗುಣಮಟ್ಟ, ಸುರಕ್ಷತೆ ಎಲ್ಲ ಬಹಳ ಕಟ್ಟುನಿಟ್ಟಂತೆ. ನನಗೆ ಹೊಸ ನಂಬರೂ ಬರೆಸ್ತಾರೆ.

ಎಷ್ಟು?

12-ಎ. 13ನೇ ಮಂಚ ರೋಗಿಗಳಿಗೆ ಅಪಾಯ ಅಂತ ಪತ್ತೆ ಹಚ್ಚಿದ್ದಾರಂತೆ.