ಕುಂದಲಹಳ್ಳಿ ಗೇಟಿನ ಆಯ್ಕೆ ಸಮಿತಿ

335-ಇ ಬಸ್ಸಿನ ನಿರೀಕ್ಷೆಯಲ್ಲಿ ನಿಂತವನಿಗೆ ಸಹಜವಾಗಿ ವೈರಾಗ್ಯವು ಹುಟ್ಟಬೇಕು. ಕುಂದಲಹಳ್ಳಿ ಗೇಟಿನಲ್ಲಿ ಹುಟ್ಟುವುದು ಮಾತ್ರ ಕ್ರಿಕೆಟ್ ಚಿಂತೆ. 2024ರ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ 46 ರನ್ನಿಗೆ ಸಮಸ್ತರೂ ಪತನಗೊಂಡು, ನ್ಯೂಜಿಲೆಂಡಿನವರಿಗೆ ಮೂರಕ್ಕೆ ಮೂರೂ ಟೆಸ್ಟುಗಳನ್ನು ಧಾರೆಯೆರೆದು ಕೊಟ್ಟ ಭಾರತ ತಂಡವು ಮರುತಿಂಗಳೇ ಆಸ್ಟ್ರೇಲಿಯಕ್ಕೆ ದಂಡೆತ್ತಿ ಹೋದಾಗ, ಇಲ್ಲಿಯ ಚಹಾದಂಗಡಿಯ ಮುಂದೆ ನೆರೆದ ವಿದ್ವತ್ಸಭೆಯು ಎರಡು ಮತಗಳಾಗಿ ಒಡೆಯಿತು.

“ಐದಕ್ಕೆ ಐದೂ ಸೋಲ್ತೀವಿ, ಬರೆದಿಟ್ಕೊಳ್ಳಿ ಸಾರ್,” ಎಂದನು ಕೊರಳಿಗೆ ಕಂಪನಿಯ ಗುರುತುಚೀಟಿ ಧರಿಸಿದ್ದ ತರುಣನು.

ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಲೋಟವನ್ನು ಕೆಳಗಿರಿಸಿ, “ಲೋ ತಮ್ಮಾ, ನಮ್ಮ ಚಂದ್ರಶೇಖರ್ ಮೆಲ್ಬರ್ನಿನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತಾಗ ನೀನು ಹುಟ್ಟೇ ಇರ್ಲಿಲ್ಲ,” ಎಂದು 1977-78ರ ಪ್ರವಾಸವನ್ನು ಪುರಾಣಶ್ರವಣದಂತೆ ಆರಂಭಿಸಿದರು. ಚಂದ್ರರ ಅಂದಿನ ವಿಕೆಟಿಗೂ ಈ ಸಲದ ಬೂಮ್ರಾ ಅವರ ಚೆಂಡಿಗೂ ಇರುವ ಸಂಬಂಧವು ಯಾರಿಗೂ ಹೊಳೆಯಲಿಲ್ಲ. ಆದರೂ ನಾನು ಗೆಲ್ಲುತ್ತೇವೆಂಬ ಹಿರಿಯರ ಪಕ್ಷವನ್ನೇ ವಹಿಸಿದೆನು, ಏಕೆಂದರೆ ಚಹಾದ ಹಣವನ್ನು ತೆತ್ತವರು ಅವರೇ. ಆರಂಭಕ್ಕೆ ರಾಹುಲ್ ಬರಬೇಕೆಂಬ ಒಂದಂಶದಲ್ಲಿ ಮಾತ್ರ, ಕನ್ನಡಾಭಿಮಾನದಿಂದ, ಸಭೆ ಏಕಾಭಿಪ್ರಾಯಕ್ಕೆ ಬಂದಿತು.

ಪರ್ತ್‌ನಲ್ಲಿ ಭಾರತವು 295 ರನ್ನಿನಿಂದ ಗೆದ್ದಿತು, ಸರಣಿಯನ್ನು 3-1ರಿಂದ ಸೋತಿತು; ತಮ್ಮ ಭವಿಷ್ಯವಾಣಿಯೇ ಫಲಿಸಿತೆಂದು ಉಭಯ ಪಕ್ಷದವರೂ ಇಂದಿಗೂ ಸಾಧಿಸುತ್ತಿದ್ದಾರೆ.