ಸಿಬಿಲ್ ಬಿದ್ದವನ ಕಾರು

ನಮ್ಮ ಕಂಪ್ಲಿ ಕಡೆ ಹೆಣ್ಣು ಕೊಡುವವರು ಈಗ ನೀರಾವರಿ ಎಷ್ಟು ಎಕರೆ ಅಂತ ಕೇಳಿ ಸುಮ್ಮನಾಗುವುದಿಲ್ಲ. ಎಲೆಯಡಿಕೆ ಹಾಕಿಕೊಂಡ ಮೇಲೆ ಮೆಲ್ಲಗೆ, "ಹುಡುಗನ ಸಿಬಿಲ್ ಹೆಂಗೈತ್ರಿ?" ಅನ್ನುತ್ತಾರೆ. 2000ನೇ ಇಸವಿಯಲ್ಲಿ ಮುಂಬಯಿಯಲ್ಲಿ ಹುಟ್ಟಿದ, ಸಾಲಗಾರರಿಗೆ ಅಂಕ ಕೊಡುವ ಕಂಪನಿಯೊಂದರ ಹೆಸರು ಭತ್ತದ ಗದ್ದೆ, ಬಾಳೆತೋಟ ದಾಟಿಕೊಂಡು ಬಂದು ಬಿಪಿ, ಶುಗರುಗಳ ಪಕ್ಕ ಕೂತುಬಿಟ್ಟಿದೆ. ಅವುಗಳಂತೆಯೇ ಏರುತ್ತದೆ, ಇಳಿಯುತ್ತದೆ, ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. 300 ಅಂದರೆ ತಳ, 900 ಅಂದರೆ ತುದಿ. 750 ದಾಟಿದವನಿಗೆ ಬ್ಯಾಂಕಿನಲ್ಲಿ ಕುರ್ಚಿ. ನನ್ನದು ಎಷ್ಟು ಅಂತ ಹೇಳುವುದಿಲ್ಲ. ನಾನು ನಿಂತೇ ಮಾತಾಡಿ ಬರುತ್ತೇನೆ ಅಂದರೆ ಸಾಕು.

ಸಾಲ ಮಾಡಿದ್ದು ಶೋಕಿಗಲ್ಲ. ಒಂದು ಬೆಳೆಸಾಲ, ಒಂದು ಟ್ರ್ಯಾಕ್ಟರ್ ಸಾಲ. ತುಂಗಭದ್ರೆಯನ್ನು ನಂಬಿದವರ ಕಥೆ ನಿಮಗೆ ಗೊತ್ತೇ ಇದೆ: ನೀರು ಬಂದ ವರ್ಷ ರೇಟು ಬರುವುದಿಲ್ಲ, ರೇಟು ಬಂದ ವರ್ಷ ನೀರು ಬರುವುದಿಲ್ಲ. ಎರಡೂ ಬರಬಹುದು ಅನ್ನಿಸಿದ ವರ್ಷ, 2024ರ ಆಗಸ್ಟ್ 10ರ ರಾತ್ರಿ, ಅಣೆಕಟ್ಟಿನ 19ನೇ ಗೇಟು ಚೈನು ಕಿತ್ತುಕೊಂಡು ಕೊಚ್ಚಿಹೋಯಿತು. ಸೋನಾ ಮಸೂರಿ ನಾಟಿ ಮಾಡಿ ಕೂತವರೆಲ್ಲ ಟಿವಿಯಲ್ಲಿ ನಮ್ಮ ನೀರು ಹೋಗುವುದನ್ನು ನೋಡಿದೆವು. ಗೇಟಿಗೆ ಅಡ್ಡಹಲಗೆ ಇಳಿಸಿದರು, ಜಲಾಶಯವೂ ಆಮೇಲೆ ತುಂಬಿತು. ನನ್ನ ಖಾತೆಯಲ್ಲಿ ತುಂಬಿದ್ದು ಬಡ್ಡಿ ಮಾತ್ರ.

ಕಡೆಗೆ ಬ್ಯಾಂಕಿನವರೇ ಕರೆದು ಓಟಿಎಸ್, ಅಂದರೆ ರಾಜಿ, ಮಾಡಿಕೊಳ್ಳಿ ಅಂದರು. ಇಷ್ಟು ಬಡ್ಡಿ ಬಿಡುತ್ತೇವೆ, ಇಷ್ಟು ಮುಂಗಡ ಕಟ್ಟು, ಉಳಿದದ್ದು ಕಂತಿನಲ್ಲಿ. ಒಂದು ಕಂತು ತಪ್ಪಿದರೂ ಬಿಟ್ಟ ಬಡ್ಡಿಯೆಲ್ಲ ತಿರುಗಿ ನಿನ್ನ ಹೆಗಲಿಗೆ. ಕಾಗದಕ್ಕೆ ರುಜು ಹಾಕಿ ಹೊರಗೆ ಬಂದಾಗ ಹೆಗಲು ಹಗುರಾಗಿತ್ತು. ಬ್ಯಾಂಕಿನ ಎದುರಿನ ಅಂಗಡಿಯಲ್ಲಿ ಮಿರ್ಚಿ ಒಗ್ಗರಣೆ ತಿಂದೆ, ರೊಕ್ಕ ಕೊಟ್ಟೇ ತಿಂದೆ.

ನನಗಿಂತ ಹಗುರಾದವನು ನನ್ನ ಚಿಕ್ಕಪ್ಪನ ಮಗ. ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಬಿದ್ದಿದ್ದನಲ್ಲ, ಮದುವೆ ಮನೆಯಲ್ಲಿ ನನ್ನನ್ನು ಕಂಡರೆ ಪಂಕ್ತಿ ಬದಲಾಯಿಸುತ್ತಿದ್ದ. ಅವನನ್ನು ಬೈದು ಫಲವಿಲ್ಲ. ಈ ನೆಲಕ್ಕೆ ಜಾಮೀನು ಆಗಿಬರುವುದಿಲ್ಲ. 1327ರ ಸುಮಾರಿಗೆ ದಿಲ್ಲಿಯ ತುಘಲಕನ ಮೇಲೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಶಾಸ್ಪ್ ಸಗರದಿಂದ ಓಡಿಬಂದು ನಮ್ಮ ಕಂಪಿಲರಾಯನ ಮರೆಹೊಕ್ಕ. ರಾಯ ಇಲ್ಲ ಅನ್ನಲಿಲ್ಲ. ದಿಲ್ಲಿಯ ದಂಡು ಮನೆಬಾಗಿಲಿಗೇ ವಸೂಲಿಗೆ ಬಂತು. ಅಸಲಿ ಆಸಾಮಿ ದೋರಸಮುದ್ರದ ಕಡೆ ಜಾರಿಕೊಂಡ. ಜಾಮೀನು ಬಿದ್ದವನ ರಾಜ್ಯ, ಕೋಟೆ, ಪ್ರಾಣ ಮೂರೂ ಹೋದವು. ಅತ್ತ ಹೊಯ್ಸಳ ಬಲ್ಲಾಳ ಲೆಕ್ಕ ಬಲ್ಲವನು, ಬಂದವನನ್ನು ಹಿಡಿದು ದಿಲ್ಲಿಯವರಿಗೇ ಒಪ್ಪಿಸಿ ನೋ ಡ್ಯೂ ಸರ್ಟಿಫಿಕೇಟ್ ತಗೊಂಡ.

ಕಾರಿನ ವಿಷಯಕ್ಕೆ ಬರುತ್ತೇನೆ. ಅವ್ವನ ಮೊಣಕಾಲು ಬಸ್ಸಿನ ಮೆಟ್ಟಿಲು ಒಲ್ಲೆ ಅಂದಿತ್ತು. ಹೊಳೆಯಾಚೆಯ ಗಂಗಾವತಿಗೆ ಹೋಗೋಣ ಅಂದರೆ, ಡ್ಯಾಮಿನಿಂದ ನೀರು ಬಿಟ್ಟಾಗ ನಮ್ಮ ಸೇತುವೆ ಮುಳುಗಿ ಕೂತಿರುತ್ತದೆ, ಬುಕ್ಕಸಾಗರದ ಮೇಲೆ ಸುತ್ತಬೇಕು. ಹೊಸಪೇಟೆಯಲ್ಲೊಂದು ಹಳೇ ಸ್ವಿಫ್ಟ್ ನೋಡಿದ್ದೆ. ಬಿಳಿ ಬಣ್ಣ, ಸೀಟಿಗೆ ಇನ್ನೂ ಪ್ಲಾಸ್ಟಿಕ್ ಕವರು, ಹಿಂದಿನ ಗಾಜಿನ ಮೇಲೆ 'ತಂದೆ ತಾಯಿ ಆಶೀರ್ವಾದ'. ಹೊಸದಾಗಿ ಬರೆಸುವ ಖರ್ಚೂ ಉಳಿಯಿತು ಅಂದುಕೊಂಡೆ.

ನಮ್ಮ ಬ್ಯಾಂಕಿಗೇ ಹೋದೆ. ಬಡ್ಡಿ ಬಿಟ್ಟ ಪುಣ್ಯಾತ್ಮರು, ಕಾರಿಗೆ ಇಲ್ಲ ಅನ್ನುತ್ತಾರೆಯೇ? ಮ್ಯಾನೇಜರು ಬಲು ಮರ್ಯಾದೆಯಿಂದಲೇ ಇಲ್ಲ ಅಂದರು. ರಾಜಿ ಮಾಡಿಕೊಂಡವರಿಗೆ ಮತ್ತೆ ಸಾಲ ಕೊಡುವ ಮೊದಲು ಕನಿಷ್ಠ 12 ತಿಂಗಳು ತಣ್ಣಗಾಗಲು ಬಿಡಿ ಅಂತ 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೇಳಿದೆಯಂತೆ, ಕೃಷಿ ಸಾಲಕ್ಕೆ ಲೆಕ್ಕ ಬೇರೆಯಂತೆ. ನಾನು ಬೇರೆ ಲೆಕ್ಕದವನಲ್ಲವೇ ಅಂದೆ. "ಲೆಕ್ಕ ಬೇರೆ ಇರಬಹುದು ಯಜಮಾನ್ರೆ, ನಿಮ್ಮ ಕಂತು ಇನ್ನೂ ಮುಗಿದಿಲ್ಲ. ಮುಗಿದರೂ ರಾಜಿಯಾದ ಸಾಲ ಅಂತಲೇ ದಾಖಲೆ ಏಳು ವರ್ಷ ಉಳಿಯುತ್ತದೆ" ಅಂದರು. ಏಳೂವರೆ ವರ್ಷದ ಶನಿಯೇ ವಾಸಿ. ಅವನಿಗೆ ಎಳ್ಳೆಣ್ಣೆ ದೀಪ ಹಚ್ಚಿದರೆ ಸ್ವಲ್ಪವಾದರೂ ಕರಗುತ್ತಾನೆ, ಈ ದಾಖಲೆಗೆ ಯಾವ ಎಣ್ಣೆಯೂ ಹತ್ತುವುದಿಲ್ಲ. ಬಡ್ಡಿ ಬಿಟ್ಟ ಕೈಯಲ್ಲೇ ಹಣೆಗೆ ಮುದ್ರೆ ಒತ್ತುವ ಈ ಔದಾರ್ಯ ನನಗಿನ್ನೂ ಪೂರ್ತಿ ಅರ್ಥವಾಗಿಲ್ಲ.

ಹೊಸಪೇಟೆಯ ಫೈನಾನ್ಸಿನ ಹುಡುಗ ಮಾತ್ರ ಕುರ್ಚಿ ಎಳೆದುಕೊಟ್ಟ, ಟೀ ತರಿಸಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು. "ಸಿಬಿಲ್ ಬಿದ್ದಿದ್ರೂ ಚಿಂತಿಲ್ಲಣ್ಣ, ಬರೀ 12 ಪರ್ಸೆಂಟ್, ಫ್ಲಾಟ್" ಅಂದ. ಮೂರು ಲಕ್ಷ, ಐದು ವರ್ಷ, ತಿಂಗಳಿಗೆ 8,000. ಬಿಕಾಂ ಓದುವ ಮಗಳು ರಾತ್ರಿ ಮೊಬೈಲಿನಲ್ಲಿ ಒತ್ತಿ ಒತ್ತಿ ನೋಡಿದಳು. "ಅಪ್ಪಾ, ನೀನು ಅಸಲು ತೀರಿಸ್ತಾ ಹೋದ್ರೂ ಕೊನೇ ತಿಂಗಳವರೆಗೂ ಪೂರ್ತಿ ಮೂರು ಲಕ್ಷಕ್ಕೇ ಬಡ್ಡಿ ಹಾಕ್ತಾರೆ. ಒಟ್ಟು ನಾಲ್ಕು ಲಕ್ಷ ಎಂಬತ್ತು ಸಾವಿರ. ಇದು 12 ಅಲ್ಲ, ಹೆಚ್ಚು ಕಮ್ಮಿ 20." ಸಾಲದ ಬಗ್ಗೆ ಸರ್ವಜ್ಞ ಆಗಲೇ ಹೇಳಿಟ್ಟಿದ್ದಾನೆ, ಆದರೆ ಫ್ಲಾಟ್ ರೇಟಿನ ಬಗ್ಗೆ ಏನೂ ಹೇಳಿಲ್ಲ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ, "ನಂದೊಂದು ಸಿಬಿಲ್ ನೋಡವ್ವ" ಅಂದಳು. ನಾನು ನಕ್ಕೆ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ವರದಿ ಅದು, ಮಗಳು ತೆಗೆದಳು. 800ಕ್ಕೆ ಹತ್ತಿರ! ಗದ್ದೆ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಇದ್ದದ್ದು ಸಂಘದ ಸಾಲ. ನಮ್ಮ ಓಣಿಯ ಹೆಣ್ಣುಮಕ್ಕಳು ಹತ್ತು ಜನ ಕೂಡಿ ತೆಗೆದದ್ದು. ಒಬ್ಬಳು ಕಂತು ತರದಿದ್ದರೆ ಉಳಿದವರು ಏಳುವ ಹಾಗಿಲ್ಲ, ತರದವಳ ಮನೆ ಕಟ್ಟೆಯ ಮೇಲೇ ಕೂರುತ್ತಾರೆ. ಆ ಪುಡಿಗಾಸಿನ ಕಂತುಗಳೆಲ್ಲ ಮುಂಬಯಿಯಲ್ಲಿ ದಾಖಲಾಗುತ್ತಿವೆ ಅಂತ ಅವಳಿಗೂ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಇಷ್ಟು ದಿನ ಅದು ಹೆಂಗಸರ ಹರಟೆಕೂಟ.

ಅವಳ ಹೆಸರಿನಲ್ಲಿ ಇನ್ನೊಂದು ಬ್ಯಾಂಕಿಗೆ ಅರ್ಜಿ ಹೋಯಿತು. ಆದಾಯಕ್ಕೆ ಆಧಾರ ಏನು ಅಂದರು. ಡೈರಿಗೆ ಹಾಲು ಹಾಕಿದ ದುಡ್ಡು ಬೀಳುವ ಪಾಸ್‌ಬುಕ್ಕು ಮುಂದಿಟ್ಟಳು. ಜೊತೆ ಅರ್ಜಿದಾರ ಬೇಕಲ್ಲ ಅಂದಾಗ ನಾನು ಎದೆ ಸೆಟೆಸಿ ಆಧಾರ್ ಕಾರ್ಡು ಕೊಟ್ಟೆ. ಆಫೀಸರು ಕಂಪ್ಯೂಟರಿನಲ್ಲಿ ಏನೋ ನೋಡಿ, ಕಾರ್ಡನ್ನು ನನಗೆ ಕೊಡದೆ ಅವಳಿಗೇ ತಿರುಗಿಸಿ ಕೊಟ್ಟು, "ಇವರನ್ನ ಬಿಡ್ರಿ ಅಮ್ಮಾ, ನಿಮ್ಮ ತಮ್ಮ ಯಾರಾದ್ರೂ ಇದ್ರೆ ಕರ್ಕೊಂಡ್ ಬರ್ರಿ" ಅಂದರು. ನನ್ನ ಮೈದುನ ಮರುದಿನವೇ ಇಸ್ತ್ರಿ ಅಂಗಿ ಹಾಕಿಕೊಂಡು ಹಾಜರ್. ಹೀಗೆ ಕರೆಯಲಿ ಅಂತಲೇ ಕಾದಿದ್ದನೋ ಏನೋ.

ಆಮೇಲೆ ಮನೆ ನೋಡಲು ಬ್ಯಾಂಕಿನ ಕಡೆಯ ಹುಡುಗನೊಬ್ಬ ಬಂದ. ಗದ್ದೆ ತೋರಿಸುತ್ತೇನೆ ಅಂದೆ, ಬೇಡ ಅಂದ. ಟ್ರ್ಯಾಕ್ಟರ್ ಕಡೆ ಕಣ್ಣೂ ಹಾಯಿಸಲಿಲ್ಲ. ಸೀದಾ ಕೊಟ್ಟಿಗೆಗೆ ಹೋಗಿ, ದಿನಕ್ಕೆಷ್ಟು ಲೀಟರು, ಫ್ಯಾಟ್ ಎಷ್ಟು ಬರುತ್ತೆ ಅಂತ ಬರೆದುಕೊಂಡ. ಹೆಂಡತಿ ಸೆರಗು ಸರಿಮಾಡಿಕೊಂಡು ಎಮ್ಮೆಯ ಪಕ್ಕ ನಿಂತಳು. ನಾನೂ ಮೀಸೆ ತೀಡಿಕೊಂಡು ಇನ್ನೊಂದು ಪಕ್ಕ ನಿಂತೆ.

ಹುಡುಗ ಮೊಬೈಲು ಎತ್ತಿ ಹಿಡಿದು ನೋಡಿದ. "ಅಣ್ಣಾ, ಬೇಜಾರಾಗಬ್ಯಾಡ್ರಿ, ನೀವು ಸ್ವಲ್ಪ ಆ ಕಡೆ ಸರೀರಿ. ಎಮ್ಮೆ ಪೂರ್ತಿ ಬರಬೇಕು."