ನಾಲ್ಕು ದಿನದ ಬುತ್ತಿ

ರಾತ್ರಿ ಒಂದೂವರೆಗೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿದರೆ, ಗಗನಸಖಿಯಾಗಿರುವ ಅವರ ಮಗಳಿಗೆ ಅವತ್ತು ಪಿಕಪ್ ಇದೆ ಅಂತ ಅರ್ಥ. ಬನಶಂಕರಿ ಎರಡನೇ ಹಂತದ ನಮ್ಮ ರಸ್ತೆಯಲ್ಲಿ ಆ ಹೊತ್ತಿಗೆ ಬೀದಿನಾಯಿಗಳೂ ಸುಮ್ಮನಿರುತ್ತವೆ. ಕಂಪನಿಯ ಕಾರು ಬಂದು ನಿಲ್ಲುತ್ತದೆ. ಹುಡುಗಿ ಗಾಲಿಪೆಟ್ಟಿಗೆ ಎಳೆದುಕೊಂಡು ಗೇಟು ದಾಟುತ್ತಾಳೆ. ಹಿಂದೆಯೇ ಅವರಮ್ಮ ಬಟ್ಟೆಚೀಲ ಹಿಡಿದು ಬರಿಗಾಲಲ್ಲಿ ಓಡಿ ಬರುತ್ತಾರೆ. ಕಾರು ಹೋದಮೇಲೂ ಸ್ವಲ್ಪ ಹೊತ್ತು ಗೇಟಿನ ಹತ್ತಿರವೇ ನಿಂತಿರುತ್ತಾರೆ.

ಮೊನ್ನೆ ಬೆಳಿಗ್ಗೆ ನಾನು ದಾಸವಾಳಕ್ಕೆ ನೀರು ಹಾಕುತ್ತಿದ್ದಾಗ ಕಾಂಪೌಂಡ್ ಗೋಡೆಯ ಆ ಕಡೆಯಿಂದ ಅವರ ದನಿ ಬಂತು. “ಏನು ಕಟ್ಟಿಕೊಡೋದೋ ಗೊತ್ತಾಗ್ತಿಲ್ಲ ಕಣ್ರೀ. ನಾಲ್ಕು ದಿನದ ಟ್ರಿಪ್ಪು. ಹೋದ ಸಲ ಕೊಟ್ಟ ಪಲಾವು ಎರಡನೇ ದಿನಕ್ಕೇ ಹಳಸಿತ್ತಂತೆ. ಹಸಿವು ತಡೆಯೋಕಾಗದೆ ಅದನ್ನೇ ತಿಂದು ಹೊಟ್ಟೆ ಕೆಡಿಸಿಕೊಂಡ್ಲು.”

ಅವರ ಕಣ್ಣು ತುಂಬಿತ್ತು. ನಾನು ಬಕೆಟ್ಟು ಕೆಳಗಿಟ್ಟೆ.

ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿದ್ದಾಗ ನಮ್ಮ ಬನಶಂಕರಿ, ಜಯನಗರದವರಿಗೆ ಅದು ಊರೊಳಗಿನ ಜಾಗವೇ ಆಗಿತ್ತು. 2008ರ ಮೇ 24ಕ್ಕೆ ಅದು ದೇವನಹಳ್ಳಿಗೆ ಹೋಯಿತು. ನಮ್ಮ ಕಡೆಯಿಂದ ಹತ್ತಿರ ಹತ್ತಿರ 40 ಕಿಲೋಮೀಟರು. ಬೆಳಗಿನ ಐದೂವರೆಯ ವಿಮಾನ ಅಂದರೆ ಎರಡು ಗಂಟೆಗೇ ಮನೆ ಬಿಡಬೇಕು. ಆ ಹೊತ್ತಿನಲ್ಲಿ ಹೊಟ್ಟೆಗೆ ಏನೂ ಸೇರುವುದಿಲ್ಲ. ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಸೆಕ್ಟರು. ಒಂದು ಊರಲ್ಲಿ ಇಳಿದು ಇನ್ನೊಂದು ಊರಿಗೆ ಏಳುವುದರ ನಡುವೆ ಅರ್ಧ ಗಂಟೆ ಸಿಕ್ಕಿದರೆ ಹೆಚ್ಚು. ಕಂಪನಿಯವರು ಕ್ರೂ ಮೀಲ್ ಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಅದೇ ರೋಲು, ಅದೇ ಪನೀರು. ಗ್ಯಾಲಿಯ ಪರದೆಯ ಹಿಂದೆ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತೀನಿ ಆಂಟಿ ಅಂತ ಆ ಮಗು ಒಮ್ಮೆ ನನ್ನ ಹತ್ತಿರ ಹೇಳಿತ್ತು. ರಾತ್ರಿ ಹೋಟೆಲ್ ಕೋಣೆಗೆ ಊಟ ತರಿಸೋಣವೆಂದರೆ ಒಂದು ತಟ್ಟೆಗೆ ಕೇಳುವ ದುಡ್ಡಿನಲ್ಲಿ ಸಾರಕ್ಕಿ ಮಾರುಕಟ್ಟೆಯಿಂದ ವಾರದ ತರಕಾರಿ ಬರುತ್ತದೆ. ಲೇಓವರ್ ಭತ್ಯೆಯನ್ನು ಉಳಿಸಿ ಮನೆ ಸಾಲದ ಕಂತು ಕಟ್ಟುವ ಮಗಳು ಅವಳು. ಖರ್ಚು ಮಾಡಲು ಕೈ ಬರುವುದಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟು: ನಾಲ್ಕು ದಿನಕ್ಕೆ ಒಂದೇ ಬಗೆಯ ಬುತ್ತಿ ಕಟ್ಟಬೇಡಿ. ಮೊದಲ ದಿನಕ್ಕೆ ಹಸಿಯದು, ಮಾರನೇ ದಿನಕ್ಕೆ ನೀರಿನ ಪಸೆ ಕಡಿಮೆ ಇರುವುದು, ಆಮೇಲಿನದೆಲ್ಲ ಒಣಗಿದ್ದು. ಕಾಶಿಗೆ, ತಿರುಪತಿಗೆ ಹೊರಟವರಿಗೆ ನಮ್ಮ ಅಜ್ಜಿಯಂದಿರು ಬುತ್ತಿಯ ಗಂಟು ಕಟ್ಟಿದ್ದು ಹೀಗೇ.

ಪಲಾವು ಕೆಟ್ಟಿದ್ದು ಅವರ ಕೈಯ ದೋಷವಲ್ಲ, ಅಕ್ಕಿಯ ಗುಣ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಾಣುವಿನ ಬೀಜಾಣು ಇರುತ್ತದೆ. ಕುದಿಯುವ ನೀರಿಗೂ ಅದು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಡಬ್ಬಿಯಲ್ಲಿ ಕುಳಿತರೆ ಮೊಳೆತು ವಿಷ ಕಾರುತ್ತದೆ. ಮತ್ತೆ ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಮೇಲಿಂದ ಪಲಾವಿಗೆ ಈರುಳ್ಳಿ, ಬಟಾಣಿ, ಹಸಿ ತೆಂಗಿನಕಾಯಿ ಎಲ್ಲ ಸೇರಿರುತ್ತದೆ. ಹಳಸಲು ಇನ್ನೇನು ಬೇಕು?

ವಿಮಾನದಲ್ಲಿ ಊಟ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1975ರ ಫೆಬ್ರವರಿಯಲ್ಲಿ ಜಪಾನ್ ಏರ್‌ಲೈನ್ಸ್‌ನಲ್ಲಿ ನಡೆದದ್ದನ್ನು ಇವತ್ತಿಗೂ ಹೇಳುತ್ತಾರೆ. ಅಲಾಸ್ಕಾದ ಆಂಕರೇಜ್‌ನಲ್ಲಿ ತುಂಬಿಸಿಕೊಂಡ ಆಮ್ಲೆಟ್ಟು ತಿಂದು 197 ಜನ ಕಾಯಿಲೆ ಬಿದ್ದರು. ಅಡುಗೆಯವನೊಬ್ಬನ ಬೆರಳಿನ ಹುಣ್ಣಿನಿಂದ ಸೋಂಕು ಊಟಕ್ಕೆ ಸೇರಿತ್ತು. ಆ ಊಟ ಗಂಟೆಗಟ್ಟಲೆ ತಂಪಿಲ್ಲದೆ ಹೊರಗೇ ಇತ್ತು. ಪೈಲಟ್‌ಗಳು ಬೇರೆ ಊಟ ಮಾಡಿದ್ದರಿಂದ ವಿಮಾನ ಕ್ಷೇಮವಾಗಿ ಇಳಿಯಿತು. ಕ್ಯಾಪ್ಟನ್ನಿಗೂ ಸಹಪೈಲಟ್ಟಿಗೂ ಒಂದೇ ಊಟ ಕೊಡಬಾರದು ಅನ್ನುವ ಪದ್ಧತಿ ಅನೇಕ ಕಂಪನಿಗಳಲ್ಲಿ ಇರುವುದು ಇದಕ್ಕೇ. ಹುಡುಗಿಯ ಹೊಟ್ಟೆ ಕೆಟ್ಟರೆ ಅವಳೊಬ್ಬಳ ಕಷ್ಟ ಅಂದುಕೊಳ್ಳಬಾರದು. ಬಾಗಿಲ ಬಳಿ ನಿಂತು ಜನರನ್ನು ಕಾಯಬೇಕಾದವಳು ಅವಳು.

“ಹಾಗಾದ್ರೆ ಮೊದಲನೇ ದಿನಕ್ಕೆ ಏನು ಕಳಿಸ್ಲಿ ಹೇಳಿ” ಅಂದರು.

ಮೊಸರನ್ನ. ಆದರೆ ಮೊಸರಿನಲ್ಲಿ ಕಲಸಬಾರದು. ಅನ್ನ ಚೆನ್ನಾಗಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ ಮಸೆದು, ಒಂದೇ ಒಂದು ಚಮಚ ಮೊಸರು ಬೆರೆಸಿ, ಶುಂಠಿ, ಇಂಗಿನ ಒಗ್ಗರಣೆ ಕೊಟ್ಟು ಕಟ್ಟಬೇಕು. ಎರಡು ಗಂಟೆಗೆ ಕಟ್ಟಿದ್ದು ಬೆಳಗಿನ ತಿಂಡಿಯ ಹೊತ್ತಿಗೆ ಹುಳಿಯಿಲ್ಲದೆ ಹದವಾಗಿ ಹೆಪ್ಪಾಗಿರುತ್ತದೆ. ಡಬ್ಬಿಯನ್ನು ಕಂಠದವರೆಗೆ ತುಂಬಬಾರದು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಬೆಂಗಳೂರಿನಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಅಲ್ಲಿ ಐದನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಮುಚ್ಚಳ ಎದ್ದು ಮೊಸರು ಯೂನಿಫಾರಂ ಮೇಲೆ ಚೆಲ್ಲುವುದು ಹೀಗೆ.

ಡಬ್ಬಿಗೆ ಆಗುವುದು ಹೊಟ್ಟೆಗೂ ಆಗುತ್ತದೆ. ಅದಕ್ಕೇ ಅವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದೆ. ಡಿಸೆಂಬರಿನಲ್ಲಿ ಗಾಂಧಿಬಜಾರಿಗೆ ಸೊಗಡಿನ ಅವರೆಕಾಯಿ ಬಂದಾಗ ಕೈ ತಡೆಯುವುದಿಲ್ಲ, ನನಗೂ ಗೊತ್ತು. ಹಿತಕಿದಬೇಳೆ ಸಾರು ಅವಳ ರಜೆಯ ದಿನಕ್ಕೆ ಇಡಿ. ಹಾರುವ ಹಿಂದಿನ ರಾತ್ರಿ ಅವರೆ, ಕಡಲೆ, ಎಲೆಕೋಸು ಬೇಡವೇ ಬೇಡ. ಹೆಸರುಬೇಳೆ ಹಗುರ. ಹೆಸರುಬೇಳೆ ಕೋಸಂಬರಿ ಕಟ್ಟುವುದಾದರೆ ಉಪ್ಪನ್ನು ಬೇರೆ ಪೊಟ್ಟಣದಲ್ಲಿ ಕೊಡಿ, ಇಲ್ಲದಿದ್ದರೆ ನೀರೊಡೆಯುತ್ತದೆ. ಅದೂ ಮೊದಲ ಹೊತ್ತಿಗೆ ಮಾತ್ರ. ಆಮೇಲಿನ ದಿನಗಳಿಗೆ ಎಳೆ ಸೌತೆಕಾಯಿಯನ್ನು ಇಡಿಯಾಗಿ ಹಾಕಿ, ಏಲಕ್ಕಿ ಬಾಳೆಹಣ್ಣು ಹಾಕಿ. ಚಾಕು ಒಯ್ಯುವಂತಿಲ್ಲ, ಕಚ್ಚಿ ತಿನ್ನುವಂಥದ್ದೇ ಆಗಬೇಕು.

ಎರಡನೇ ದಿನಕ್ಕೆ ಮೆಂತ್ಯದ ಸೊಪ್ಪಿನ ಚಪಾತಿ. ಬಿಸಿಬಿಸಿಯಾಗಿ ಸುತ್ತಿಟ್ಟರೆ ಹಬೆ ನೀರಾಗಿ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ಪಲ್ಯ ಬೇಡ, ಶೇಂಗಾ ಚಟ್ನಿಪುಡಿ ಸಾಕು. ನಮ್ಮ ಕಡೆ ಈಗ ಖಡಕ್ ಜೋಳದ ರೊಟ್ಟಿ ಮಾರುವ ಅಂಗಡಿಗಳಿವೆ. ಉತ್ತರ ಕರ್ನಾಟಕದವರಿಗೆ ಅದು ವಾರಗಟ್ಟಲೆ ಇಟ್ಟು ತಿನ್ನುವ ಊಟ. ಮುರಿಯದಂತೆ ಉರುಟು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಟ್ಟರೆ, ಇಳಿದ ಊರಲ್ಲಿ ಒಂದು ಪೊಟ್ಟಣ ಮೊಸರು ಕೊಂಡರೆ ಆಯಿತು, ರಾತ್ರಿಯ ಊಟ ಮುಗಿಯಿತು.

ಮೂರನೇ ದಿನದಿಂದ ಬೇಕಾದದ್ದು ಬಿಸಿನೀರೊಂದೇ. ಹೋಟೆಲ್ ಕೋಣೆಯಲ್ಲಿ ಕೆಟಲ್ ಇರುತ್ತದೆ. ಕಡಿಮೆ ದರದ ಅನೇಕ ವಿಮಾನಗಳಲ್ಲಿ ಅವನ್ ಇಲ್ಲ, ಬಿಸಿನೀರು ಮಾತ್ರ ಉಂಟು. ಆದರೆ ಆ ಎತ್ತರದ ಒತ್ತಡದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಹಸಿ ರವೆ, ಹಸಿ ಹಿಟ್ಟು ಅದರಲ್ಲಿ ಬೇಯುವುದಿಲ್ಲ. ಮೊದಲೇ ಬೆಂದಿರುವಂಥದ್ದು ಬೇಕು. ಅವಲಕ್ಕಿ ಅಂಥದ್ದು: ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ್ದು. ದಪ್ಪ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆರಸ, ಬೆಲ್ಲ, ಸಾರಿನಪುಡಿ ಸೇರಿಸಿ, ಕಡಲೆಕಾಯಿ ಬೀಜದ ಒಗ್ಗರಣೆ ಹಾಕಿ, ಬಾಣಲೆಯಲ್ಲಿ ಗರಿಗರಿಯಾಗುವಷ್ಟು ಬಾಡಿಸಿ ಇಟ್ಟುಬಿಟ್ಟರೆ ಅದೇ ಗೊಜ್ಜವಲಕ್ಕಿ. ಒಂದು ಲೋಟ ಅವಲಕ್ಕಿಗೆ ಒಂದು ಲೋಟ ಬಿಸಿನೀರು, ಮುಚ್ಚಿ ಐದು ನಿಮಿಷ. ರಾಗಿಯೂ ಅಷ್ಟೆ. ಹಿಟ್ಟನ್ನು ಗಂಜಿ ಕಾಯಿಸಬೇಕು, ಹುರಿಹಿಟ್ಟಿಗೆ ಆ ಕೆಲಸವಿಲ್ಲ. ರಾಗಿ ಅರಳಾಗುವಾಗಲೇ ಬೆಂದಿರುತ್ತದೆ. ಹಾಲಿನಪುಡಿ, ಬೆಲ್ಲದಪುಡಿ ಬೆರೆಸಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಟ್ಟರೆ ನಡುರಾತ್ರಿ ಲ್ಯಾಂಡಿಂಗ್ ಮುಗಿಸಿ ಬಂದವಳ ಹೊಟ್ಟೆ ತಣ್ಣಗಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಯಾವ ಎನರ್ಜಿ ಬಾರೂ ಇದಕ್ಕೆ ಸಮನಲ್ಲ ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಪುಳಿಯೋಗರೆ ಗೊಜ್ಜಿನ ವಿಚಾರ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಅನ್ನ ಕಲಸಿ ಕಳಿಸಬೇಡಿ, ಗೊಜ್ಜು ಮಾತ್ರ ಕಳಿಸಿ. ಹೋಟೆಲಿನ ಮೆನುವಿನಲ್ಲಿ ಅಗ್ಗದ ಪದಾರ್ಥಗಳಲ್ಲಿ ಬರೀ ಅನ್ನವೂ ಒಂದು. ಅದೊಂದನ್ನು ಬಿಸಿಯಾಗಿ ತರಿಸಿ ಕಲಸಿಕೊಳ್ಳಲಿ. ಹುಣಸೆಯ ಹುಳಿ, ಎಣ್ಣೆ, ಉಪ್ಪು ಗೊಜ್ಜನ್ನು ಕಾಯುತ್ತವೆ. ನಾಲಿಗೆಗೂ ಅದು ಸರಿ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಗಾಗಿ ಪರೀಕ್ಷೆ ಮಾಡಿ, ವಿಮಾನದ ಒಣಗಾಳಿಯಲ್ಲಿ ಉಪ್ಪು ಮತ್ತು ಸಿಹಿ ಮಂಕಾಗುತ್ತವೆ, ಹುಳಿ ಅಷ್ಟಾಗಿ ಮಂಕಾಗುವುದಿಲ್ಲ ಅಂತ ಕಂಡುಕೊಂಡಿದ್ದರು. ಸಪ್ಪೆ ಅಂತ ಉಪ್ಪು ಸುರಿದುಕೊಂಡು ಕಾಲು ಊದಿಸಿಕೊಳ್ಳುವುದಕ್ಕಿಂತ ಹುಳಿ ಮೇಲು.

“ಪ್ಯಾಕೆಟ್ ಬಿಸಿಬೇಳೆಬಾತ್ ಕೊಟ್ರೆ ಆಗಲ್ವಾ? ಅದೂ ಅನ್ನವೇ ತಾನೇ, ಅದ್ಯಾಕೆ ಕೆಡಲ್ಲ?” ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಅದನ್ನು ಪೊಟ್ಟಣದೊಳಗೇ ಮೊಹರು ಮಾಡಿ, ಒತ್ತಡದಲ್ಲಿ 121 ಡಿಗ್ರಿಯಷ್ಟು ಕಾಯಿಸಿರುತ್ತಾರೆ. ಬರೀ ಕುದಿಗೆ ಸಾಯದ ಬೀಜಾಣು ಅಲ್ಲಿ ಸಾಯುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆಸಿದ ಜಾಗಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಸೈನಿಕರ ಊಟಕ್ಕೆಂದು 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ನಮ್ಮ ದೇಶದ ತಿನಿಸು ತಯಾರಾದದ್ದೂ ಅಲ್ಲೇ. ಒಂದೆರಡು ಪೊಟ್ಟಣ ಆಪತ್ತಿಗೆ ಪೆಟ್ಟಿಗೆಯಲ್ಲಿರಲಿ. ದಿನಾ ಬೇಡ, ಉಪ್ಪು ಹೆಚ್ಚು.

ಅವಳಿಗೆ ಇನ್ನು ಮೇಲೆ ಹೊರದೇಶದ ಟ್ರಿಪ್ಪೂ ಬರುತ್ತದಂತೆ. ಅದಕ್ಕೆ ಎಚ್ಚರ ಬೇಕು. ದುಬೈಗೆ ಹೋಗುವಾಗ ಗಸಗಸೆ ಹಾಕಿದ ಯಾವುದನ್ನೂ ಕಳಿಸಬಾರದು. ನಮಗೆ ಪಾಯಸದ ಸಾಮಾನು, ಅಲ್ಲಿ ಅದು ನಿಷೇಧಿತ ಮಾದಕ ವಸ್ತು, ಜೈಲಿನವರೆಗೂ ಹೋಗುತ್ತದೆ. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿದೆ, ಗಿಟುಕು ಹಾಕಿ ಕಳಿಸಬೇಡಿ. ಬರೀ ಖಾರದಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಆದ್ದರಿಂದ ಚಟ್ನಿಪುಡಿಯನ್ನು ಅವಲಕ್ಕಿಗೆ ಮೊದಲೇ ಬೆರೆಸಿಬಿಡಿ. ಗೊಜ್ಜಿನ ಬಾಟಲಿ 100 ಮಿಲಿಲೀಟರ್ ದಾಟಬಾರದು. ಆಸ್ಟ್ರೇಲಿಯಾದಂಥ ಕಡೆ ಒಂದು ಬಾಳೆಹಣ್ಣಿಗೂ ಘೋಷಣೆ ಬರೆಯಬೇಕು. ಇಳಿಯುವ ಮುಂಚೆ ತಿಂದು ಮುಗಿಸುವುದೇ ಒಳ್ಳೆಯದು.

ಮಾತು ಮುಗಿಯುವಷ್ಟರಲ್ಲಿ ಬಿಸಿಲು ಗೋಡೆಗೆ ಬಂದಿತ್ತು. ಅವರು ಒಳಗೆ ಹೋಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡರು. ನಿನ್ನೆ ರಾತ್ರಿ ಮತ್ತೆ ಸಾಸಿವೆ ಸಿಡಿಯಿತು. ಇವತ್ತು ಬೆಳಿಗ್ಗೆ ಉಳಿದ ಗೊಜ್ಜವಲಕ್ಕಿ ಒಂದು ಬಟ್ಟಲಲ್ಲಿ ಗೋಡೆ ದಾಟಿ ನಮ್ಮ ಮನೆಗೂ ಬಂತು. ಹುಳಿ, ಬೆಲ್ಲ ಹದವಾಗಿ ಕೂಡಿತ್ತು.

ನಿಮ್ಮ ಬೀದಿಯಲ್ಲೂ ನಡುರಾತ್ರಿ ಕಾರು ಹತ್ತುವ ಮಕ್ಕಳಿರಬಹುದು. ಅವರ ಮನೆಯವರಿಗೆ ಇಷ್ಟು ಹೇಳಿ: ಅನ್ನವನ್ನು ಮೊದಲ ಹೊತ್ತಿಗೆ ಮಾತ್ರ ಕಟ್ಟಿ, ಮತ್ತು ಪ್ರತಿ ಡಬ್ಬಿಯ ಮೇಲೂ ಅದು ಯಾವ ದಿನದ್ದು ಅಂತ ಒಂದು ಚೀಟಿ ಅಂಟಿಸಿ. ನಿದ್ದೆಗಣ್ಣಿನಲ್ಲಿ ಡಬ್ಬಿ ತೆರೆಯುವವರಿಗೆ ದಿನ ಯಾವುದು ಅಂತ ನೆನಪಿರುವುದಿಲ್ಲ.